ಡಿಬಗರಿನ ರಿಜಿಸ್ಟರು ಪ್ರದರ್ಶನವೂ ಅದರ ಸ್ವಯಂಚಾಲಿತ ಪರೀಕ್ಷೆಯೂ : ಒಂದು ವಿಮರ್ಶೆ

ನಡೆಯುತ್ತಿರುವ ಕ್ರಮವಿಧಿಯೊಂದನ್ನು ನಡುವೆ ತಡೆದು ನಿಲ್ಲಿಸಿ, ಅದರ ಒಳಸ್ಥಿತಿಯನ್ನು ಕಾಣಲು ನೆರವಾಗುವ ಸಾಧನಕ್ಕೆ ಡಿಬಗರು ಎಂಬ ಹೆಸರು ರೂಢಿಯಲ್ಲಿದೆ. ಪ್ರೊಸೆಸರಿನ ರಿಜಿಸ್ಟರುಗಳಲ್ಲಿ ಇಂತಿಂಥ ಬೆಲೆಗಳಿವೆಯೆಂದು ಅದು ತೋರಿಸಿದರೆ, ವಿದ್ಯಾರ್ಥಿಯಾಗಲಿ ಪರಿಣತನಾಗಲಿ ಆ ಮಾತನ್ನು ಪ್ರಶ್ನಿಸದೆ ಒಪ್ಪುತ್ತಾನೆ. ಆ ತೋರಿಕೆಯೇ ತಪ್ಪಾಗಿದ್ದಲ್ಲಿ, ನಿರ್ದೋಷವಾದ ಕ್ರಮವಿಧಿಯಲ್ಲಿ ಇಲ್ಲದ ದೋಷವನ್ನು ಹುಡುಕುವ ವ್ಯರ್ಥಶ್ರಮವೂ, ನಿಜವಾದ ದೋಷ ಕಣ್ಣಿಗೆ ಬೀಳದೆ ಉಳಿಯುವ ಹಾನಿಯೂ ಒಟ್ಟಿಗೆ ಒದಗುತ್ತವೆ. ಆದ್ದರಿಂದ ಈ ಪ್ರದರ್ಶನವನ್ನು ತಾವಾಗಿಯೇ ನಡೆದು ಪರಿಶೀಲಿಸುವ ಪರೀಕ್ಷೆಗಳು ಎಷ್ಟರಮಟ್ಟಿಗೆ ನಂಬತಕ್ಕವು ಎಂಬ ಪ್ರಶ್ನೆ ಉಪೇಕ್ಷಿಸುವಂಥದಲ್ಲ. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಆರಂಭಿಸಿದ ಜಿಡಿಬಿ, ಎಲ್‌ಎಲ್‌ವಿಎಂ ಯೋಜನೆಗೆ ಸೇರಿದ ಎಲ್‌ಎಲ್‌ಡಿಬಿ, ಈ ಎರಡು ಡಿಬಗರುಗಳ ಪರೀಕ್ಷಾಪಾಠಗಳು ಯಾರು ಬೇಕಾದರೂ ಓದಬಹುದಾದ ರೀತಿಯಲ್ಲಿ ಪ್ರಕಟವಾಗಿವೆ. ಅವುಗಳಲ್ಲಿ ಇಂಟೆಲ್ ವಂಶದ ಪ್ರೊಸೆಸರುಗಳಿಗೆ ಸಂಬಂಧಿಸಿದ ಭಾಗವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಳ್ಳಲಾಗಿದೆ.

ರಿಜಿಸ್ಟರನ್ನು ತೋರಿಸುವುದರಲ್ಲಿ ಕಷ್ಟವೇನಿದೆ ಎಂಬ ಸಂದೇಹ ಸಹಜವಾದುದು. ಆದರೆ ಡಿಬಗರು ಪ್ರೊಸೆಸರನ್ನು ನೇರವಾಗಿ ನೋಡುವುದಿಲ್ಲ. ಕ್ರಮವಿಧಿ ನಿಂತಾಗ ಕಾರ್ಯಾಚರಣ ವ್ಯವಸ್ಥೆಯು ರಿಜಿಸ್ಟರುಗಳ ಬೆಲೆಗಳನ್ನು ಸ್ಮೃತಿಯಲ್ಲಿ ಬರೆದಿಟ್ಟಿರುತ್ತದೆ. ಡಿಬಗರು ಆ ಬರಹದ ಪ್ರತಿಯನ್ನು ಕೇಳಿ ಪಡೆದು, ಯಾವ ಬೈಟು ಯಾವ ಹೆಸರಿಗೆ ಸೇರಿದ್ದೆಂಬುದನ್ನು ತನ್ನೊಳಗಿನ ಕೋಷ್ಟಕದಿಂದ ನಿರ್ಣಯಿಸುತ್ತದೆ. ಹೆಸರುಗಳೋ ಒಂದರೊಳಗೊಂದು ಅಡಕವಾಗಿವೆ. 64 ಬಿಟ್‌ಗಳ ಆರ್‌ಎಎಕ್ಸ್ ರಿಜಿಸ್ಟರಿನ ಕೆಳಗಿನ 32 ಬಿಟ್‌ಗಳು ಇಎಎಕ್ಸ್, ಅದರ ಕೆಳಗಿನ 16 ಬಿಟ್‌ಗಳು ಎಎಕ್ಸ್, ಆ 16ರ ಎರಡು ಬೈಟುಗಳು ಎಎಚ್ ಮತ್ತು ಎಎಲ್ ಎನಿಸಿಕೊಳ್ಳುತ್ತವೆ. 256 ಬಿಟ್‌ಗಳ ವೈಎಂಎಂ ರಿಜಿಸ್ಟರಿನ ಸಂಗತಿ ಇನ್ನೂ ಜಟಿಲವಾದುದು. ಅದರ ಕೆಳಗಿನ ಅರ್ಧವೇ 128 ಬಿಟ್‌ಗಳ ಎಕ್ಸ್‌ಎಂಎಂ ರಿಜಿಸ್ಟರು. ಎಕ್ಸ್‌ಸೇವ್ ಎಂಬ ಆದೇಶವು ಈ ಕೆಳಗಿನ ಅರ್ಧವನ್ನು ಒಂದೆಡೆಯಲ್ಲಿಯೂ ಮೇಲಿನ ಅರ್ಧವನ್ನು ಬೇರೊಂದೆಡೆಯಲ್ಲಿಯೂ ಇರಿಸುತ್ತದೆ. ಎರಡನ್ನೂ ಸರಿಯಾದ ಕ್ರಮದಲ್ಲಿ ಜೋಡಿಸಿ ಒಂದೇ ಬೆಲೆಯೆಂಬಂತೆ ತೋರಿಸುವ ಹೊಣೆ ಡಿಬಗರಿನದು. ಸ್ಥಾನ ತಪ್ಪುವುದಕ್ಕೂ ಅರ್ಧಗಳು ಅದಲುಬದಲಾಗುವುದಕ್ಕೂ ಇಲ್ಲಿ ಸಾಕಷ್ಟು ಅವಕಾಶವಿದೆ.

ಇಂಥ ಪ್ರದರ್ಶನವನ್ನು ಪರೀಕ್ಷಿಸುವ ಅತಿ ಸುಲಭವಾದ ಮಾರ್ಗವೆಂದರೆ, ರಿಜಿಸ್ಟರುಗಳನ್ನು ತೋರಿಸೆಂದು ಡಿಬಗರಿಗೆ ಆಜ್ಞಾಪಿಸಿ, ಬಂದ ಉತ್ತರದಲ್ಲಿ ಹೆಸರೂ ಅದರ ಮುಂದೆ ಯಾವುದಾದರೊಂದು ಅಂಕಿಯೂ ಇವೆಯೇ ಎಂದು ನೋಡುವುದು. ಇದರಿಂದ ತಿಳಿಯುವುದು ಉತ್ತರದ ಆಕಾರ ಮಾತ್ರ. ಎಲ್ಲ ರಿಜಿಸ್ಟರುಗಳಿಗೂ ಸೊನ್ನೆಯನ್ನೇ ತೋರಿಸುವ ಡಿಬಗರು ಸಹ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಬೆಲೆಯೊಂದನ್ನು ಡಿಬಗರಿನಿಂದಲೇ ಬರೆಸಿ ಅದರಿಂದಲೇ ಓದಿಸುವುದು ಎರಡನೆಯ ಮಾರ್ಗ. ಇದು ಮೊದಲನೆಯದಕ್ಕಿಂತ ಮೇಲೆಂದು ತೋರಿದರೂ, ಬರೆಯುವಾಗಲೂ ಓದುವಾಗಲೂ ಡಿಬಗರು ಒಂದೇ ತಪ್ಪು ಸ್ಥಾನವನ್ನು ಬಳಸಿದಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ. ಒಂದೇ ಮೂಲದಿಂದ ಇಳಿದ ಎರಡು ಓಲೆಪ್ರತಿಗಳು ಒಂದು ಪಾಠವನ್ನು ಸಮರ್ಥಿಸಿದರೆ ಅದನ್ನು ಎರಡು ಸಾಕ್ಷ್ಯಗಳೆಂದು ಗ್ರಂಥಸಂಪಾದಕರು ಎಣಿಸುವುದಿಲ್ಲ. ಅದೇ ನ್ಯಾಯ ಇಲ್ಲಿಗೂ ಸಲ್ಲುತ್ತದೆ. ಡಿಬಗರಿನ ಮಾತಿಗೆ ಅದರ ಹೊರಗಿನ ಸಾಕ್ಷಿಯೊಂದು ಬೇಕು.

ಜಿಡಿಬಿಯ ಪರೀಕ್ಷೆಗಳು ಡೆಜಾಗ್ನು ಎಂಬ ಚೌಕಟ್ಟಿನಲ್ಲಿ ರಚಿತವಾಗಿವೆ. ಎಕ್ಸ್‌ಎಂಎಂ ರಿಜಿಸ್ಟರುಗಳಿಗಾಗಿ ಇರುವ ಪರೀಕ್ಷೆಯಲ್ಲಿ ಪುಟ್ಟ ಕ್ರಮವಿಧಿಯೊಂದಿದೆ. ಅದು ತನ್ನ ಸ್ಮೃತಿಯಲ್ಲಿರುವ ದಶಾಂಶ ಸಂಖ್ಯೆಗಳ ಪಟ್ಟಿಯನ್ನು ರಿಜಿಸ್ಟರುಗಳಿಗೆ ತುಂಬುತ್ತದೆ: ಒಂದನೆಯ ಸಂಖ್ಯೆಯ ರಿಜಿಸ್ಟರಿಗೆ 1.0, 1.25, 1.5, 1.75, ಎರಡನೆಯದಕ್ಕೆ 2.0, 2.25, 2.5, 2.75; ಹೀಗೆ ಮುಂದಕ್ಕೆ. ಅಲ್ಲಿ ಕ್ರಮವಿಧಿಯನ್ನು ನಿಲ್ಲಿಸಿ, ಡಿಬಗರು ತೋರಿಸುವ ಬೆಲೆಗಳನ್ನು ಇವುಗಳೊಡನೆ ಹೋಲಿಸಲಾಗುತ್ತದೆ. ಅನಂತರ ಡಿಬಗರಿನಿಂದ ಹೊಸ ಬೆಲೆಗಳನ್ನು ಬರೆಸಿ, ಕ್ರಮವಿಧಿಯನ್ನು ಮುಂದುವರಿಯಗೊಟ್ಟು, ಅದು ರಿಜಿಸ್ಟರುಗಳಿಂದ ಸ್ಮೃತಿಗೆ ಮರಳಿ ಇಳಿಸಿದ ಪಟ್ಟಿಯನ್ನು ಪರಿಶೀಲಿಸಲಾಗುತ್ತದೆ. ಬೆಲೆಯನ್ನು ರಿಜಿಸ್ಟರಿಗೆ ತುಂಬುವುದೂ ಅಲ್ಲಿಂದ ಇಳಿಸುವುದೂ ಪ್ರೊಸೆಸರಿನ ಆದೇಶಗಳೇ ಆದುದರಿಂದ, ಸ್ವತಂತ್ರ ಸಾಕ್ಷಿಯ ತತ್ತ್ವ ಇಲ್ಲಿ ಬಹುಮಟ್ಟಿಗೆ ನೆರವೇರಿದೆ. ಆಯ್ದ ಸಂಖ್ಯೆಗಳು ದ್ವಿಮಾನ ಪದ್ಧತಿಯಲ್ಲಿ ನಿಶ್ಶೇಷವಾಗಿ ಕೂಡುವಂಥವಾಗಿರುವುದರಿಂದ ಸರಿಹೊಂದಿಸುವಿಕೆಯ ತೊಡಕೂ ಇಲ್ಲ. ಇದು ಮೆಚ್ಚತಕ್ಕ ವಿವೇಕ.

ಆದರೆ ಈ ಆಯ್ಕೆಯೇ ಒಂದು ಕೊರತೆಯನ್ನು ತಂದಿದೆ. ನಾಲ್ಕು ಬೈಟುಗಳ ದಶಾಂಶ ಸಂಖ್ಯೆಯಾಗಿ ಬರೆದಾಗ 1.25 ಎಂಬುದು ಹದಿನಾರರ ಮಾನದಲ್ಲಿ 3ಎಫ್ ಎ0 00 00 ಆಗುತ್ತದೆ, 7.25 ಎಂಬುದು 40 ಇ8 00 00 ಆಗುತ್ತದೆ. ಪಟ್ಟಿಯ ಉಳಿದ ಸಂಖ್ಯೆಗಳನ್ನು ಲೆಕ್ಕಮಾಡಿದರೂ ಪ್ರತಿಯೊಂದರ ಕೆಳಗಿನ ಎರಡು ಬೈಟುಗಳು ಸೊನ್ನೆಯಾಗಿಯೇ ಉಳಿಯುತ್ತವೆ. ಎಂದರೆ ಪ್ರತಿ ರಿಜಿಸ್ಟರಿನ 128 ಬಿಟ್‌ಗಳಲ್ಲಿ 64 ಬಿಟ್‌ಗಳು ಸದಾ ಸೊನ್ನೆ. ಆ ಬೈಟುಗಳನ್ನು ಓದದೆಯೇ ಅಲ್ಲಿ ಸೊನ್ನೆಯಿಟ್ಟು ತೋರಿಸುವ ಡಿಬಗರನ್ನು ಈ ಓದಿನ ಪರೀಕ್ಷೆ ಹಿಡಿಯಲಾರದು. ಅಲ್ಲದೆ ಜಿಡಿಬಿಯು ಒಂದೇ ರಿಜಿಸ್ಟರನ್ನು ದಶಾಂಶಗಳಾಗಿ, ಬೈಟುಗಳಾಗಿ, ಪೂರ್ಣಾಂಕಗಳಾಗಿ ಹಲವು ನೋಟಗಳಲ್ಲಿ ತೋರಿಸುತ್ತದೆ. ಪರೀಕ್ಷೆಯು ನಾಲ್ಕು ದಶಾಂಶಗಳ ನೋಟವನ್ನು ಮಾತ್ರ ಹೋಲಿಸಿ, ಅದರ ಮುಂದಿನ ಪಾಠ ಏನಿದ್ದರೂ ಆಗಬಹುದೆಂದು ಬಿಟ್ಟಿದೆ. ಏನಿದ್ದರೂ ಒಪ್ಪುವ ಮಾದರಿ ಬರೆಯಲು ಸುಲಭ. ಅದರ ಮರೆಯಲ್ಲಿ ದೋಷ ಅಡಗುವುದೂ ಅಷ್ಟೇ ಸುಲಭ.

ಎಲ್‌ಎಲ್‌ಡಿಬಿಗೆ 2019ರಲ್ಲಿ, ನೆಟ್‌ಬಿಎಸ್‌ಡಿ ವ್ಯವಸ್ಥೆಗೆ ಅದನ್ನು ಒಗ್ಗಿಸುವ ಕಾರ್ಯದ ಸಂದರ್ಭದಲ್ಲಿ, ಸೇರಿಸಲಾದ ರಿಜಿಸ್ಟರು ಪರೀಕ್ಷೆಗಳ ರೀತಿ ತುಸು ಬೇರೆ. ಇಲ್ಲಿಯೂ ಪುಟ್ಟ ಕ್ರಮವಿಧಿಯೇ ರಿಜಿಸ್ಟರುಗಳನ್ನು ತುಂಬುತ್ತದೆ. ಆದರೆ ಬೆಲೆಗಳು 01 02 03 04 ಎಂಬಂತೆ ಬೈಟಿನಿಂದ ಬೈಟಿಗೆ ಬದಲಾಗುತ್ತ ಹೋಗುವ ಮಾದರಿಯವು. ಬೈಟೊಂದು ಸ್ಥಾನ ತಪ್ಪಿದರೆ, ಕ್ರಮ ಹಿಂದುಮುಂದಾದರೆ, ನೆರೆಯ ರಿಜಿಸ್ಟರಿನದು ಇಲ್ಲಿ ನುಸುಳಿದರೆ ಆ ಕೂಡಲೆ ಬಯಲಾಗುತ್ತದೆ. ತುಂಬುವ ಆದೇಶಗಳ ಬೆನ್ನಿಗೇ, ಅದೇ ಯಂತ್ರಭಾಷಾ ಖಂಡದೊಳಗೆ, ಕ್ರಮವಿಧಿಯನ್ನು ನಿಲ್ಲಿಸುವ ಒಂದೇ ಬೈಟಿನ ಆದೇಶವಿರುವುದರಿಂದ, ಅನುವಾದಕ ಕ್ರಮವಿಧಿಯು ನಡುವೆ ಕೈಹಾಕಿ ರಿಜಿಸ್ಟರನ್ನು ಬೇರೆ ಕೆಲಸಕ್ಕೆ ಬಳಸುವ ಅಪಾಯವಿಲ್ಲ. ಬರೆಯುವ ಪರೀಕ್ಷೆಯಲ್ಲಿ ಇನ್ನೂ ಒಂದು ಗುಣವಿದೆ. ಜಿಡಿಬಿಯ ಪರೀಕ್ಷೆಯು ಮರಳಿ ಇಳಿಸಿದ ಪಟ್ಟಿಯನ್ನು ಡಿಬಗರಿನ ಮೂಲಕವೇ ಓದಿದರೆ, ಇಲ್ಲಿ ಕ್ರಮವಿಧಿಯು ತಾನು ಕಂಡ ಬೆಲೆಗಳನ್ನು ತಾನೇ ಮುದ್ರಿಸುತ್ತದೆ. ಸಾಕ್ಷಿ ತನ್ನ ಬಾಯಿಂದಲೇ ಮಾತನಾಡುತ್ತದೆ, ದುಭಾಷಿಯ ಅಗತ್ಯವಿಲ್ಲ.

ಇದರಲ್ಲಿಯೂ ಎಚ್ಚರ ತಪ್ಪುವ ಎಡೆಗಳಿಲ್ಲದೆ ಇಲ್ಲ. ಉತ್ತರವನ್ನು ಹೋಲಿಸುವ ಫೈಲ್‌ಚೆಕ್ ಎಂಬ ಸಾಧನವು ಕೊಟ್ಟ ಪಾಠವನ್ನು ಸಾಲಿನ ಯಾವ ಭಾಗದಲ್ಲಿ ಕಂಡರೂ ಒಪ್ಪಬಲ್ಲದು. ಎಎಕ್ಸ್ ಎಂಬ ಅಕ್ಷರಗಳು ಇಎಎಕ್ಸ್, ಆರ್‌ಎಎಕ್ಸ್ ಎಂಬ ಹೆಸರುಗಳ ಕೊನೆಯಲ್ಲಿಯೂ ಇವೆ. 01 02 ಎಂದು ಮೊದಲಾಗುವ ಬೆಲೆ 01 02 03 ಎಂಬುದರೊಳಗೂ ಇದೆ. ಹೆಸರಿನ ಆದಿಯನ್ನೂ ಬೆಲೆಯ ಅಂತ್ಯವನ್ನೂ ಸ್ಪಷ್ಟವಾಗಿ ಗುರುತಿಸದ ಹೋಲಿಕೆ ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಆರೋಪಿಸಬಹುದು.

ಎರಡು ಪರೀಕ್ಷಾಸಮೂಹಗಳಿಗೂ ಸಮಾನವಾದ ಮತ್ತೊಂದು ಮಿತಿಯಿದೆ. ವೈಎಂಎಂ ರಿಜಿಸ್ಟರುಗಳಿಲ್ಲದ ಯಂತ್ರದಲ್ಲಿ ಅವುಗಳ ಪರೀಕ್ಷೆ ನಡೆಯುವಂತಿಲ್ಲ. ಆಗ ಅದನ್ನು ಆಧಾರವಿಲ್ಲದ್ದು ಎಂಬ ವರ್ಗಕ್ಕೆ ಸೇರಿಸಿ ಬಿಟ್ಟುಬಿಡಲಾಗುತ್ತದೆ. ಇದು ಯುಕ್ತವೇ ಸರಿ. ಆದರೆ ಫಲಿತಾಂಶವನ್ನು ಓದುವವನು ಒಂದೂ ಸೋಲಿಲ್ಲವೆಂಬ ಸಾಲನ್ನು ನೋಡಿ ತೃಪ್ತನಾದರೆ, ನಡೆಯದೆ ಉಳಿದ ಪರೀಕ್ಷೆಯನ್ನು ಗೆದ್ದ ಪರೀಕ್ಷೆಯೆಂದು ಭಾವಿಸಿದಂತಾಗುತ್ತದೆ. ಪರೀಕ್ಷೆಗೆ ಕೂರದ ವಿದ್ಯಾರ್ಥಿಯನ್ನು ಉತ್ತೀರ್ಣನೆಂದು ಯಾವ ಅಧ್ಯಾಪಕನೂ ಬರೆದುಕೊಳ್ಳುವುದಿಲ್ಲ.

ಒಟ್ಟಿನಲ್ಲಿ ನೋಡಿದರೆ, ಬೆಲೆಗಳ ಆಯ್ಕೆಯಲ್ಲಿಯೂ ಸಾಕ್ಷಿಯ ಸ್ವಾತಂತ್ರ್ಯದಲ್ಲಿಯೂ ಎಲ್‌ಎಲ್‌ಡಿಬಿಯ ಪರೀಕ್ಷೆಗಳು ಮುಂದಿವೆ. ಪ್ರೊಸೆಸರಿನ ಆದೇಶಗಳನ್ನೇ ಪ್ರಮಾಣವಾಗಿ ಹಿಡಿಯುವ ಮೂಲತತ್ತ್ವ ಜಿಡಿಬಿಯ ಪರೀಕ್ಷೆಯಲ್ಲಿಯೂ ಇದೆ. ಇವೆರಡರಿಂದ ಮೂರು ನಿಯಮಗಳನ್ನು ಸಂಗ್ರಹಿಸಬಹುದು. ಪರೀಕ್ಷಿಸುವ ಬೆಲೆ ಡಿಬಗರಿನ ಹೊರಗಿನಿಂದ ಬಂದಿರಬೇಕು. ಪ್ರತಿ ಬೈಟೂ ತನ್ನ ಸ್ಥಾನವನ್ನು ತಾನೇ ಹೇಳುವಂತಿರಬೇಕು. ಸೊನ್ನೆಯಾಗಲಿ ಪುನರುಕ್ತಿಯಾಗಲಿ ಸಲ್ಲದು. ಹೋಲಿಕೆಯು ಹೆಸರಿನ ಮೊದಲಿನಿಂದ ಬೆಲೆಯ ಕೊನೆಯವರೆಗೆ ಪೂರ್ಣವಾಗಿರಬೇಕು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಡಿಬಗರಿನ ಬಳಕೆಯನ್ನು ಕಲಿಸುವಾಗ, ಈ ನಿಯಮಗಳನ್ನು ಅನುಸರಿಸಿ ಒಂದೇ ಒಂದು ರಿಜಿಸ್ಟರಿಗಾದರೂ ಪರೀಕ್ಷೆ ಬರೆಯುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಕೊಡುವುದು ಉಚಿತ. ಆ ಪರೀಕ್ಷೆ ಗೆದ್ದುದನ್ನು ಕಂಡ ಮೇಲೆ, ಬೆಲೆಯ ಒಂದು ಬೈಟನ್ನು ಬೇಕೆಂದೇ ತಪ್ಪಾಗಿ ಬರೆದು ಅದು ಸೋಲುವುದನ್ನೂ ಅವರು ನೋಡಬೇಕು. ಸೋಲಬೇಕಾದಾಗ ಸೋಲುವುದೆಂದು ತಿಳಿದ ಪರೀಕ್ಷೆಯ ಗೆಲುವಿಗೆ ಮಾತ್ರ ಬೆಲೆಯುಂಟು.