ನಿರ್ಗತಿಕರ ದಾವೆ ಮತ್ತು ಹೊಸ್ತಿಲಲ್ಲೇ ತಿರಸ್ಕಾರ

ಸ್ಥಿರಾಸ್ತಿಯ ದಾವೆಯನ್ನು ಆಸ್ತಿಯಿರುವ ಕಡೆಯೇ ಹೂಡಬೇಕಾದ್ದರಿಂದ ದೊಡ್ಡಮಳೂರಿನ ಜಮೀನಿನ ವ್ಯಾಜ್ಯ ಚನ್ನಪಟ್ಟಣದ ಸಿವಿಲ್ ನ್ಯಾಯಾಲಯಕ್ಕೆ ಬರುತ್ತದೆ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಅಧಿನಿಯಮವು ಕಂದಾಯ ಕಟ್ಟುವ ಸಾಗುವಳಿ ಜಮೀನಿನ ಮೌಲ್ಯವನ್ನು ಸಾಮಾನ್ಯವಾಗಿ ಕಂದಾಯದ 25 ಪಟ್ಟು ಎಂದು ಹಿಡಿಯುವುದರಿಂದ ಅಲ್ಲಿ ಶುಲ್ಕ ಹಗುರ. ನಿವೇಶನವಾದರೆ ಮಾರುಕಟ್ಟೆ ಬೆಲೆಯೇ ಆಧಾರವಾಗುವುದರಿಂದ, ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯ ಇಂಥ ಊರಿನಲ್ಲಿ ತವರಿನ ಪಾಲು ಕೈತಪ್ಪಿದ ಹೆಣ್ಣುಮಗಳಿಗೆ ಆ ಮೊತ್ತ ನಿಲುಕದೆ ಹೋಗಬಹುದು. ಅಂಥವರು ನಿರ್ಗತಿಕರೆಂದು ಅರ್ಜಿ ಸಲ್ಲಿಸಿ, ಅನುಮತಿ ಪಡೆದು, ಶುಲ್ಕವನ್ನು ಮೊದಲೇ ಕಟ್ಟದೆ ದಾವೆ ಹೂಡಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ ಅವಕಾಶ ಕೊಟ್ಟಿದೆ.

ಇದು ಮನ್ನಾ ಅಲ್ಲ, ಮುಂದೂಡಿಕೆ. ವಾದಿ ಗೆದ್ದರೆ ಶುಲ್ಕವು ದಾವೆಯ ಆಸ್ತಿಯ ಮೇಲೆ ಸರ್ಕಾರದ ಮೊದಲ ಬಾಕಿಯಾಗುತ್ತದೆ, ಸೋತರೆ ವಾದಿಯೇ ತೆರಬೇಕು. ಅರ್ಜಿದಾರ ನಿರ್ಗತಿಕನಲ್ಲದಿದ್ದರೆ, ಹಿಂದಿನ ಎರಡು ತಿಂಗಳಲ್ಲಿ ವಂಚನೆಯಿಂದ ಆಸ್ತಿ ಪರಭಾರೆ ಮಾಡಿದ್ದರೆ, ಅಥವಾ ಅರ್ಜಿಯಲ್ಲಿ ವ್ಯಾಜ್ಯ ಕಾರಣ, ಎಂದರೆ ಪರಿಹಾರ ಕೇಳುವ ಹಕ್ಕನ್ನು ಹುಟ್ಟಿಸುವ ಸಂಗತಿಗಳು, ಕಾಣದಿದ್ದರೆ ಈ ಆದೇಶದ 5ನೇ ನಿಯಮದಡಿ ಅರ್ಜಿಯನ್ನು ತಿರಸ್ಕರಿಸಬೇಕು. ಈ ಎಚ್ಚರ ಅಗತ್ಯವೇ. ಹುರುಳಿಲ್ಲದ ದಾವೆ ಎದುರಾಳಿಯನ್ನು ವರ್ಷಗಟ್ಟಲೆ ಅಲೆಸುತ್ತದೆ. ಬೆಂಗಳೂರಿನ ತೆರವು ಆದೇಶವೊಂದರಿಂದ ನುಣುಚಿಕೊಳ್ಳಲು ಹೂಡಿದ್ದ ದಾವೆಯ ಸಂದರ್ಭದಲ್ಲಿ, 1977ರ ಅರಿವಂದಂದಮ್ ಪ್ರಕರಣದಲ್ಲಿ, ಅಂಥ ದಾವೆಗಳನ್ನು ಆರಂಭದಲ್ಲೇ ತಡೆಯಬೇಕೆಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಕೆಳಗಿನ ನ್ಯಾಯಾಲಯಗಳಿಗೆ ಹೇಳಿದ್ದು ಸರಿಯಾಗಿಯೇ ಇದೆ.

ಆದರೆ ಈ ಪರೀಕ್ಷೆಯ ಭಾರ ಬಡವನ ಮೇಲೆ ಹೆಚ್ಚು ಬೀಳುತ್ತದೆ, ಮತ್ತು ವ್ಯವಸ್ಥೆಯ ನಿಜವಾದ ದೋಷ ಇಲ್ಲಿದೆ. ಶುಲ್ಕ ಕಟ್ಟಿದವನ ವಾದಪತ್ರ 7ನೇ ಆದೇಶದ 11ನೇ ನಿಯಮದಡಿ ತಿರಸ್ಕೃತವಾದರೂ ಅದೇ ಕಾರಣದ ಮೇಲೆ ಹೊಸ ವಾದಪತ್ರ ಸಲ್ಲಿಸಲು ಆ ತಿರಸ್ಕಾರ ಅಡ್ಡಿಯಾಗದು. ನಿರ್ಗತಿಕನಿಗೆ ವಿಚಾರಣೆಯ ಬಳಿಕ ಅನುಮತಿ ನಿರಾಕರಿಸಿದರೆ ಅದೇ ಹಕ್ಕಿಗಾಗಿ ಎರಡನೆಯ ಅರ್ಜಿಗೆ ಎಡೆಯಿಲ್ಲ, ಶುಲ್ಕ ಕಟ್ಟಿಯೇ ಬರಬೇಕು, ಮತ್ತು ಕಟ್ಟಲಾಗದ್ದೇ ಅವನ ಮೂಲ ಕಷ್ಟ. ವಕೀಲರಿಲ್ಲದವರಿಗೆ ವಕೀಲರನ್ನು ನೇಮಿಸುವ, 33ನೇ ಆದೇಶದ 9ಎ ನಿಯಮವೂ ಅನುಮತಿ ದೊರೆತ ಮೇಲಷ್ಟೇ ನೆರವಿಗೆ ಬರುತ್ತದೆ. ಹೀಗಾಗಿ ಸಂಗತಿಗಳನ್ನು ಕಾನೂನಿನ ಕ್ರಮದಲ್ಲಿ ಜೋಡಿಸಿ ಬರೆಯಲಾರದವನ ಅರ್ಜಿ, ಹಕ್ಕಿಲ್ಲದ್ದರಿಂದಲ್ಲ, ಬರವಣಿಗೆಯ ಕೊರತೆಯಿಂದಲೇ ಬಿದ್ದುಹೋಗುವ ಅಪಾಯವಿದೆ. ಈ ಹಂತದಲ್ಲಿ ಅರ್ಜಿಯ ಮಾತುಗಳಿಂದ ವ್ಯಾಜ್ಯ ಕಾರಣ ತೋರುತ್ತದೆಯೇ ಎಂದಷ್ಟೇ ನೋಡಬೇಕು, ಸಾಕ್ಷ್ಯವನ್ನು ತೂಗಬಾರದು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ವಿಜಯ್ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಮುಂದೆ ವಾದಿ ಕಿರುಕುಳದ ನಡತೆ ತೋರಿದರೆ ಅನುಮತಿಯನ್ನು ಹಿಂಪಡೆಯಲು 9ನೇ ನಿಯಮವಿರುವಾಗ ಹೊಸ್ತಿಲಲ್ಲಿ ಅತಿಯಾದ ಬಿಗಿ ಬೇಕಿಲ್ಲ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರೂ ಪರಿಶಿಷ್ಟ ಜಾತಿ, ಪಂಗಡದವರೂ ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ವಕೀಲರಿಲ್ಲದೆ ಬಂದ ಅರ್ಜಿದಾರರನ್ನು ನ್ಯಾಯಾಲಯಗಳು 5ನೇ ನಿಯಮವನ್ನು ಪ್ರಯೋಗಿಸುವ ಮುನ್ನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳುಹಿಸಬೇಕು. ಪಾಲು ಕೇಳಬಯಸುವವರು ಅರ್ಜಿ ಬರೆಸುವ ಮೊದಲೇ ಆ ಸಮಿತಿಯನ್ನು ಕಾಣಬೇಕು.