ಧಾರಾವಿ ಮತ್ತು ‘ನರಕ’ ಶಬ್ದ

ಮುಂಬಯಿಯನ್ನು ಕುರಿತ ಬರಹಗಳಲ್ಲಿ ಧಾರಾವಿಯ ಹೆಸರು ಬಂದೊಡನೆ ‘ನರಕಸದೃಶ’ ಎಂಬ ವಿಶೇಷಣವು ತಾನಾಗಿಯೇ ಬಂದು ಕೂಡುವುದುಂಟು. ಇಷ್ಟು ಸಲೀಸಾಗಿ ಒದಗುವ ಶಬ್ದವನ್ನು ಒರೆಗೆ ಹಚ್ಚಿ ನೋಡುವುದು ಉಚಿತ.

ಅಮರಕೋಶದ ನರಕವರ್ಗವು ನಾರಕ, ನರಕ, ನಿರಯ, ದುರ್ಗತಿ ಎಂಬ ಪರ್ಯಾಯಗಳನ್ನು ಕೊಟ್ಟು, ಅವೀಚಿ, ರೌರವ, ಕಾಲಸೂತ್ರ ಮೊದಲಾದ ಭೇದಗಳನ್ನು ಎಣಿಸುತ್ತದೆ. ಯಾಸ್ಕನು ಎರಡು ನಿರ್ವಚನಗಳನ್ನು ಹೇಳಿದ್ದಾನೆ: ಕೆಳಕ್ಕೆ ಹೋಗುವುದು ಎಂದು ಒಂದು, ರಮಿಸಲು ಎಳ್ಳಷ್ಟೂ ಎಡೆಯಿಲ್ಲದ್ದು ಎಂದು ಇನ್ನೊಂದು. ಕನ್ನಡದ ಕಿವಿಗೆ ‘ನರಳು’ ಎಂಬುದೂ ಇದರ ನೆಂಟನಂತೆ ಕೇಳಿಸೀತು. ಆದರೆ ಅದು ಅಚ್ಚ ದೇಶ್ಯ. ತಮಿಳಿನ ‘ನರಲ್’ ಅದರ ಒಡಹುಟ್ಟು. ‘ನರಕದಲ್ಲಿ ನರಳುವುದು’ ಪ್ರಾಸದ ಕೃಪೆಯೇ ಹೊರತು ವ್ಯುತ್ಪತ್ತಿಯದಲ್ಲ.

ಮರಾಠಿಯಲ್ಲಿ ಈ ಶಬ್ದಕ್ಕೆ ಮಲವೆಂಬ ಅರ್ಥವೂ ಉಂಟು. ಅರಬ್ಬಿಯ ‘ಜಹನ್ನಮ್’ ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯ ಹೆಸರಿನಿಂದ ಬಂದದ್ದು. ಅಲ್ಲಿ ಊರ ಹೊರಗಿನ ಸ್ಥಳನಾಮವು ಪರಲೋಕಕ್ಕೆ ಏರಿತು. ಇಲ್ಲಿ ಪರಲೋಕದ ಹೆಸರು ಊರೊಳಗಿನ ಸ್ಥಳದ ಮೇಲೆ ಬಿದ್ದಿದೆ.

ಹೋಲಿಕೆಗೆ ಆಧಾರವೇ ಇಲ್ಲವೆಂದಲ್ಲ. ಜೈನಾಗಮಗಳ ಏಳು ನರಕಭೂಮಿಗಳಲ್ಲಿ ನಾಲ್ಕನೆಯದು ಪಂಕಪ್ರಭೆ, ಐದನೆಯದು ಧೂಮಪ್ರಭೆ. ಮಿಠೀ ನದಿಯ ಕೆಸರನ್ನೂ ಕುಂಭಾರವಾಡೆಯ ಹೊಗೆಯನ್ನೂ ಕಂಡವನಿಗೆ ಇವು ನೆನಪಾದರೆ ಆಶ್ಚರ್ಯವಿಲ್ಲ. ತೊಡಕಿರುವುದು ಮುಂದೆ. ಜೈನರಲ್ಲಾಗಲಿ ಪುರಾಣಗಳಲ್ಲಾಗಲಿ ನರಕವೆಂದರೆ ಬರಿಯ ದುಃಖಸ್ಥಾನವಲ್ಲ, ಮಾಡಿದ ಪಾಪದ ಫಲವನ್ನು ಉಣ್ಣುವ ಸ್ಥಾನ. ಅಲ್ಲಿರುವವನು ಅದಕ್ಕೆ ಅರ್ಹನಾಗಿಯೇ ಅಲ್ಲಿದ್ದಾನೆ. ಮರುಕದಿಂದ ‘ನರಕ’ವೆಂದು ಬರೆಯುವ ಲೇಖಕನು ತನಗರಿವಿಲ್ಲದೆಯೇ ನಿವಾಸಿಯ ಮೇಲೆ ತಪ್ಪು ಹೊರಿಸುತ್ತಾನೆ. ಬಸವಣ್ಣನವರು ಸ್ವರ್ಗನರಕಗಳನ್ನು ಒಬ್ಬರನ್ನೊಬ್ಬರು ಕರೆಯುವ ರೀತಿಯಲ್ಲಿಯೇ ಕಂಡವರು; ಆ ಪರಂಪರೆಯ ಭಾಷೆಯಲ್ಲಿ ಈ ಅಜಾಗರೂಕತೆ ಸಲ್ಲದು.

ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ದುಡಿಮೆಗಾರರ ಮಾತು ಬೇರೆ. ‘ನರಕ ಕಂಡೆ’ ಎನ್ನುವುದು ಹೆರಿಗೆಯ ನೋವಿಗೆ, ಸಾಲಕ್ಕೆ, ಕುಡುಕ ಗಂಡನ ಕಾಟಕ್ಕೆ, ಊರಿಗಲ್ಲ. ವಸ್ತಿಯ ಕಷ್ಟಕ್ಕೆ ನಳ, ಗಟಾರ, ಪಾಯಖಾನೆಯ ಪಾಳಿ ಎಂಬ ನೇರ ಶಬ್ದಗಳಿವೆ. ಮಹಾರಾಷ್ಟ್ರದ 1971ರ ಕೊಳೆಗೇರಿ ಕಾಯಿದೆಯೂ ಇಕ್ಕಟ್ಟು, ನೈರ್ಮಲ್ಯದ ಅಭಾವ ಮೊದಲಾದ ಲೌಕಿಕ ದೋಷಗಳನ್ನೇ ಹೇಳುತ್ತದೆ. ಗಟಾರವನ್ನು ಕಟ್ಟಿಸಬೇಕಾದವರು ಯಾರೆಂದು ಕೇಳಬಹುದು. ರೌರವಕ್ಕೆ ಅರ್ಜಿ ಕೊಡುವ ಕಚೇರಿಯೆಲ್ಲಿ?

2004ರಲ್ಲಿ ಸರ್ಕಾರ ಒಪ್ಪಿದ ಪುನರ್ವಿಕಾಸ ಯೋಜನೆಯಿಂದೀಚೆಗೆ ಈ ಪ್ರಶ್ನೆ ಕೇವಲ ನಿಘಂಟಿನದಾಗಿ ಉಳಿದಿಲ್ಲ. ನರಕವೆಂದಮೇಲೆ ಅದರಲ್ಲಿ ಉಳಿಸಿಕೊಳ್ಳುವಂಥದೇನೂ ಇರಲಾರದಷ್ಟೆ! ಆದರೆ ಕುಂಬಾರನಿಗೆ ಮನೆಯೇ ಕಾರ್ಖಾನೆ. ಬಹುಮಹಡಿಯ ಖೋಲಿಯಲ್ಲಿ ಆವಿಗೆ ಹೂಡಲು ಬಾರದು. ಯಾಸ್ಕನ ಎರಡನೆಯ ನಿರ್ವಚನವೂ ಇಲ್ಲಿ ನಿಲ್ಲುವುದಿಲ್ಲ. ನರಕಚತುರ್ದಶಿಯ ದಿನ ಮುಂಬಯಿಯ ಎಷ್ಟೋ ಮನೆಗಳ ಹೊಸ್ತಿಲಲ್ಲಿ ಉರಿಯುವ ಮಣ್ಣಿನ ಹಣತೆಗಳು ಕುಂಭಾರವಾಡೆಯ ಆವಿಗೆಯಲ್ಲಿ ಬೆಂದವು.