ಕಂಪಾಸ್ ಗಿಡ: ನಾಲ್ಕು ಸೂಚನೆಗಳ ವ್ಯಾಖ್ಯಾನ

ಅಮೆರಿಕದ ಇಲಿನಾಯ್ಸ್, ಅಯೊವಾ, ಮಿಸೌರಿ ಸೀಮೆಯ ಹುಲ್ಲುಗಾವಲಿನ ಹೂಗಿಡವಿದು. ಶಾಸ್ತ್ರೀಯ ಹೆಸರು ಸಿಲ್ಫಿಯಂ ಲ್ಯಾಸಿನಿಯೇಟಮ್. ಸೂರ್ಯಕಾಂತಿಯ ಕುಟುಂಬದ್ದು. ಇದನ್ನು ಬೆಳೆಸುವವರಿಗೆ ಹೇಳಬೇಕಾದ್ದು ನಾಲ್ಕೇ ಸಾಲು. ಆದರೆ ಹೆಚ್ಚಿನ ಸಾಲುಗಳು ಮಣ್ಣಿನಡಿಯ ಬೇರನ್ನೇ ಕುರಿತವು.

‘ಪೂರ್ತಿ ಬಿಸಿಲು ಬೇಕು.’
ನೆರಳಿನಲ್ಲಿ ಕಾಂಡ ಸೊರಗಿ ವಾಲುತ್ತದೆ. ಹಾಗೆಂದು ನಡುಹಗಲಿನ ಬಿಸಿಲಿಗೆ ಗಿಡ ಮೈಯೊಡ್ಡುವುದಿಲ್ಲ. ಬುಡದ ಎಲೆಗಳು ಅಡಿಗೂ ಮಿಕ್ಕಿ ಉದ್ದ, ಆಳವಾಗಿ ಸೀಳಿದವು, ಮುಟ್ಟಿದರೆ ಒರಟು. ಅವು ನೆಟ್ಟಗೆ ನಿಂತು ಅಂಚುಗಳನ್ನು ಉತ್ತರ-ದಕ್ಷಿಣಕ್ಕೂ ಮೈಯನ್ನು ಪೂರ್ವ-ಪಶ್ಚಿಮಕ್ಕೂ ತಿರುಗಿಸಿಕೊಳ್ಳುತ್ತವೆ. ಬೆಳಗಿನ ಎಳೆಬಿಸಿಲು ಎಲೆಯ ತುಂಬ ಬೀಳುತ್ತದೆ. ಸೂರ್ಯ ನೆತ್ತಿಗೆ ಬಂದಾಗ ತಾಗುವುದು ಅಂಚಿಗಷ್ಟೇ. ಬೇರು ಆಳದಿಂದ ಎತ್ತಿ ತಂದ ನೀರು ಹೀಗೆ ಪೋಲಾಗದೆ ಉಳಿಯುತ್ತದೆ.

‘ಬೀಜಕ್ಕೆ ಎರಡು ತಿಂಗಳು ತೇವದ ಚಳಿ.’
ಚಳಿಗಾಲಕ್ಕೆ ಮುಂಚೆ ಬಿತ್ತಿದರೆ ಮೊಳೆಯಲು ಬೇಕಾದ ಈ ಚಳಿಯನ್ನು ಹಿಮವೇ ಕೊಡುತ್ತದೆ. ಇಲ್ಲವಾದರೆ ಒದ್ದೆ ಮರಳಿನಲ್ಲಿ ಕಲಸಿ ಫ್ರಿಜ್ಜಿನಲ್ಲಿಡಬಹುದು.

‘ಆಳದ ಮಣ್ಣಿರಲಿ, ಊರಿದ ಮೇಲೆ ಕೀಳಬೇಡಿ.’
ನಾಲ್ಕರಲ್ಲಿ ಮುಖ್ಯವಾದ ಸಾಲು ಇದು. ಮೂಲಂಗಿಯಂತೆ ನೇರ ಇಳಿಯುವ ತಾಯಿಬೇರು 15 ಅಡಿಯವರೆಗೂ ಹೋಗಬಲ್ಲದು. ಮೇಲೆ ಹುಲ್ಲಿಗೆ ಬೆಂಕಿ ಬಿದ್ದು ಎಲ್ಲ ಸುಟ್ಟರೂ ಗಿಡ ಮತ್ತೆ ಚಿಗುರುವುದು ಈ ಬೇರಿನ ಬಲದಿಂದಲೇ. ಪರಿಸರ ಚಿಂತಕ ಆಲ್ಡೊ ಲಿಯೋಪೋಲ್ಡ್ ವಿಸ್ಕಾನ್ಸಿನ್‌ನಲ್ಲಿ ಒಂದು ಗಿಡವನ್ನು ಅಗೆದು ತೆಗೆಯಲು ಹೋಗಿ, ಬೇರಿನ ತುದಿ ಸಿಗದೆ ಕೈಬಿಟ್ಟಿದ್ದನ್ನು 1949ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಬೇರು ತುಂಡಾದ ದೊಡ್ಡ ಗಿಡ ಇನ್ನೊಂದೆಡೆ ಹಿಡಿದುಕೊಳ್ಳುವುದು ಕಷ್ಟ. ಹಾಗಾಗಿ ಕುಂಡವೂ ಇದಕ್ಕೆ ತಕ್ಕ ಜಾಗವಲ್ಲ.

‘ಹೂವಿಗೆ ಅವಸರ ಬೇಡ.’
ಮೊದಮೊದಲ ವರ್ಷಗಳ ದುಡಿಮೆಯೆಲ್ಲ ಬೇರಿಗೆ. ಮೇಲೆ ಕಾಣುವುದು ಕೆಲವು ಎಲೆಗಳು ಮಾತ್ರ. ಲಿಯೋಪೋಲ್ಡ್ ಬೀಜದಿಂದ ಬೆಳೆಸಿದ ಸಸಿಗಳು ಐದು ವರ್ಷವಾದರೂ ಹೂಕಾಂಡ ಎತ್ತಿರಲಿಲ್ಲ. ಎತ್ತಿದ ಮೇಲೆ ನೋಡಬೇಕು ಅದರ ಚೆಲುವು: ಹತ್ತಡಿಯವರೆಗೂ ಏರುವ ಕಾಂಡ, ಜುಲೈ ಹೊತ್ತಿಗೆ ಅದರುದ್ದಕ್ಕೂ ಅಗಲವಾದ ಹಳದಿ ಹೂಗಳು. ಕಾಂಡದ ಮೇಲ್ಭಾಗದಲ್ಲಿ ಒಸರಿ ಗಟ್ಟಿಯಾಗುವ ಅಂಟನ್ನು ಅಲ್ಲಿನ ಮೂಲನಿವಾಸಿಗಳ ಮಕ್ಕಳು ಜಗಿಯುತ್ತಿದ್ದರು. ಒಮ್ಮೆ ನೆಲೆಯೂರಿದ ಗಿಡ ಹಲವು ದಶಕ ಬಾಳುತ್ತದೆ.

ನೇಗಿಲು ಬಂದ ಮೇಲೆ ಆ ಹುಲ್ಲುಗಾವಲು ಬಹುಪಾಲು ಮೆಕ್ಕೆಜೋಳದ, ಸೋಯಾದ ಹೊಲವಾಗಿದೆ. ಶಿಕಾಗೊ ಸುತ್ತಮುತ್ತ ಹಿತ್ತಲಿರುವ ಕನ್ನಡಿಗರೇ, ಬಿಸಿಲು ಬೀಳುವ ಒಂದು ಮೂಲೆಯನ್ನು ಇದಕ್ಕೆ ಬಿಟ್ಟುಕೊಡಿ. ಆ ಮೂಲೆಯನ್ನು ಮತ್ತೆ ಅಗೆಯಬೇಡಿ.